ಟಿಪ್ಪು ಸುಲ್ತಾನರು ಮತ್ತು ನಮ್ಮ ಅತ್ತರಿನ ಶ್ರೀಗಂಧ

ಬೆಳಿಗ್ಗೆ ಹೊಡೆದುಕೊಂಡ ಸೆಂಟಿನ ವಾಸನೆ ಎರಡನೇ ಪಿರಿಯಡ್ ಮುಗಿಯುವಷ್ಟರಲ್ಲಿ ಮಾಯವಾಗುತ್ತದೆ. ಒಳ್ಳೆಯ ಅತ್ತರು ಮಾತ್ರ ಸಂಜೆಯವರೆಗೂ ಉಳಿಯುತ್ತದೆ. ಇದಕ್ಕೆ ಕಾರಣ ಹುಡುಕಲು ಹೊರಟ ವಿಜ್ಞಾನ ವಿದ್ಯಾರ್ಥಿಯಾದ ನಾನು ಕೊನೆಗೆ ತೆರೆದದ್ದು ಇತಿಹಾಸದ ಪುಸ್ತಕವನ್ನು. ಅಲ್ಲಿ ಸಿಕ್ಕವರು ಟಿಪ್ಪು ಸುಲ್ತಾನರು.

ಮೊದಲು ರಸಾಯನಶಾಸ್ತ್ರ ನೋಡೋಣ. ಸೆಂಟಿನಲ್ಲಿ ಹೆಚ್ಚಿನ ಪಾಲು ಆಲ್ಕೋಹಾಲ್. ಅದು ಕ್ಷಣದಲ್ಲಿ ಆವಿಯಾಗುತ್ತದೆ. ಹೂವಿನ ಪರಿಮಳದ ಹಗುರ ಅಣುಗಳೂ ಬೇಗ ಹಾರಿಹೋಗುತ್ತವೆ. ಕನೌಜಿನ ಸಾಂಪ್ರದಾಯಿಕ ಅತ್ತರಿನಲ್ಲಿ ಹಾಗಲ್ಲ. ತಾಮ್ರದ ಹಂಡೆಯಲ್ಲಿ ಹೂವನ್ನು ಕುದಿಸಿ, ಅದರ ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಇಳಿಸುತ್ತಾರೆ. ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಅದು ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬೇಕು. ತಾನೂ ನಿಧಾನವಾಗಿ ಆವಿಯಾಗುತ್ತದೆ, ಹೂವಿನ ಪರಿಮಳವನ್ನೂ ಬೇಗ ಹೋಗಲು ಬಿಡುವುದಿಲ್ಲ. ಒಣ ಚರ್ಮದ ಮೇಲೆ ವಾಸನೆ ಬೇಗ ಆರುವುದರಿಂದ, ಸ್ನಾನವಾದ ಕೂಡಲೇ ತುಸು ಎಣ್ಣೆ ಸವರಿ ಅದರ ಮೇಲೆ ಅತ್ತರು ಹಚ್ಚಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಬಾಟಲಿಯನ್ನು ಬಿಸಿಲಿಗೆ ಇಡಬಾರದು.

ಈ ಶ್ರೀಗಂಧಕ್ಕೆ ಹಳೆಯ ಮೈಸೂರು ರಾಜ್ಯ ಹೆಸರಾಗಿತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರಾಲಿ ತೀರಿಕೊಂಡಾಗ, 1782ರ ಡಿಸೆಂಬರಿನಲ್ಲಿ, ಆ ರಾಜ್ಯದ ಹೊಣೆ ಹೊತ್ತರು. ಬ್ರಿಟಿಷರೊಡನೆ ಯುದ್ಧ ನಡೆಯುತ್ತಿದ್ದ ಕಾಲವದು. ಅವರ ಆಡಳಿತದ ಬಗ್ಗೆ ಇಂದಿಗೂ ಭಿನ್ನ ಅಭಿಪ್ರಾಯಗಳಿವೆ. ನಾನು ಇಲ್ಲಿ ಹೇಳುತ್ತಿರುವುದು ಗಂಧದ ವಿಷಯವನ್ನು ಮಾತ್ರ.

ಕತ್ತಿಯಷ್ಟೇ ವ್ಯಾಪಾರವೂ ರಾಜ್ಯವನ್ನು ಕಾಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಗಂಧ, ಕಾಳುಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ಮಸ್ಕತ್ತಿನಲ್ಲಿ ಸರ್ಕಾರಿ ಕೋಠಿ ತೆರೆದು ಅಲ್ಲಿ ತಮ್ಮ ಅಧಿಕಾರಿಗಳನ್ನು ಇಟ್ಟರು. ಸಮುದ್ರದ ಕಡೆಗೆ ಅವರ ರಾಜ್ಯದ ಬಾಗಿಲು ನಮ್ಮ ಈ ಕರಾವಳಿ. 1786ರ ಮಾರ್ಚ್ 9ರಂದು ಅವರ ರಾಯಭಾರಿಗಳು ನಾಲ್ಕು ಹಡಗುಗಳಲ್ಲಿ ಇಸ್ತಾಂಬುಲಿಗೆ ಹೊರಟದ್ದು ಕುಮಟಾ ತಾಲೂಕಿನ ತದಡಿ ಬಂದರಿನಿಂದ. ಅಘನಾಶಿನಿ ಕಡಲು ಸೇರುವ ಆ ಜಾಗವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಮೊದಲ ತಂಗುದಾಣ ಮಸ್ಕತ್. ತುರ್ಕಿ ಸುಲ್ತಾನರ ಮನ್ನಣೆ, ಬ್ರಿಟಿಷರ ವಿರುದ್ಧ ನೆರವು, ಬಸ್ರಾ ಬಂದರಿನಲ್ಲಿ ವ್ಯಾಪಾರದ ಹಕ್ಕು, ಇವು ಅವರು ಕೇಳಹೊರಟಿದ್ದ ವಿಷಯಗಳು. ಆದರೆ ದಾರಿಯಲ್ಲಿ ಹಡಗುಗಳು ಹಾಳಾದವು, ಕಾಯಿಲೆಗೆ ಬಹಳ ಜನ ಬಲಿಯಾದರು. ಮರಳಿ ಊರು ಕಂಡವರು ಕೆಲವರೇ. ಬಸ್ರಾ ಸಿಗಲಿಲ್ಲ.

1792ರಲ್ಲಿ ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟರು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದರು. ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದೂ ಅದೇ ವರ್ಷ. ಮರ ಯಾರ ಜಮೀನಿನಲ್ಲಿ ಬೆಳೆದರೂ ಅದು ಸರ್ಕಾರದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಅವರು ಮಡಿದರು. ರಾಜ್ಯ ಕೈಬದಲಾಯಿತು, ಆದರೆ ಗಂಧದ ನಿಯಮ ಬದಲಾಗಲಿಲ್ಲ. ಒಡೆಯರ ಕಾಲದಲ್ಲೂ ಆಮೇಲೆ ನಮ್ಮ ರಾಜ್ಯ ಸರ್ಕಾರದ ಕಾಲದಲ್ಲೂ ಅದು ಮುಂದುವರಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದಾಗಲೂ ಮರದ ಒಡೆತನ ಸರ್ಕಾರದ್ದೇ.

ಈ ನಿಯಮ ಒಳ್ಳೆಯದೋ ಕೆಟ್ಟದ್ದೋ? ನನಗೆ ಎರಡೂ ಕಾಣುತ್ತದೆ. ಶ್ರೀಗಂಧದ ಪರಿಮಳ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಚೇಗು ಬಲಿಯಲು ಹದಿನೈದು ಇಪ್ಪತ್ತು ವರ್ಷವಾದರೂ ಬೇಕು. ಅಷ್ಟು ವರ್ಷ ಕೊಡಲಿಯನ್ನು ತಡೆದು ಹಿಡಿಯಲು ರಾಜಾಜ್ಞೆಯ ಬಲ ಬೇಕಿತ್ತು ನಿಜ. ಆದರೆ ತನ್ನ ಹೊಲದಲ್ಲಿ ಹುಟ್ಟಿದ ಗಿಡ ತನ್ನದಲ್ಲ ಎಂದಾದಾಗ ರೈತ ಅದಕ್ಕೆ ನೀರೆರೆಯುವುದಾದರೂ ಯಾಕೆ? ಕಾವಲು ಕಳ್ಳನನ್ನು ತಡೆಯಬಹುದು, ಹೊಸ ಗಿಡ ನೆಡಿಸಲಾರದು. 2001ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ತಿದ್ದಿ, ಜಮೀನಿನ ಮಾಲೀಕನೇ ಅಲ್ಲಿನ ಗಂಧದ ಮರದ ಮಾಲೀಕ ಎಂದಿತು. ಟಿಪ್ಪು ಸಾರಿದ ಇನ್ನೂರು ವರ್ಷಗಳ ಮೇಲೆ ಬಂದ ಬದಲಾವಣೆ ಇದು. ಅಷ್ಟರಲ್ಲಿ ಕಾಡಿನ ಗಂಧ ಬಹಳ ಕಡಿಮೆಯಾಗಿತ್ತು. ಗಂಧದ ಕೆತ್ತನೆಗೆ ಹೆಸರಾದ ಕುಮಟಾ, ಹೊನ್ನಾವರದ ಗುಡಿಗಾರರಿಗೆ ಈ ಕೊರತೆಯ ಅರ್ಥ ಚೆನ್ನಾಗಿ ಗೊತ್ತು.

ಟಿಪ್ಪು ಸುಲ್ತಾನರು ಶ್ರೀಗಂಧದ ಬೆಲೆ ಅರಿತಿದ್ದರು, ಅದನ್ನು ಕಡಲಾಚೆ ಮಾರುವ ದಾರಿಯನ್ನೂ ಕಂಡಿದ್ದರು. ಬೆಳೆಯುವವನಿಗೆ ಅದರಲ್ಲಿ ಪಾಲು ಕೊಡುವ ಕೆಲಸ ಮಾತ್ರ ಬಾಕಿ ಉಳಿಯಿತು. ಈಗ ಕಾನೂನು ನಮ್ಮ ಕಡೆಗಿದೆ. ಮನೆಯ ಹಿತ್ತಲಲ್ಲಿ ಜಾಗವಿರುವವರು ಒಂದು ಗಂಧದ ಸಸಿ ನೆಡಬಹುದು. ಪಕ್ಕದಲ್ಲಿ ತೊಗರಿಯಂಥ ಬೇರೊಂದು ಗಿಡವೂ ಇರಲಿ, ಏಕೆಂದರೆ ಗಂಧ ಅರೆಪರಾವಲಂಬಿ, ನೆರೆಯ ಗಿಡದ ಬೇರಿನಿಂದಲೂ ಆಹಾರ ಪಡೆಯುತ್ತದೆ. ಇಂದು ಪಿಯುಸಿ ಓದುತ್ತಿರುವ ನಮಗೆ ಮಕ್ಕಳಾಗಿ, ಅವರು ಶಾಲೆಗೆ ಹೋಗುವ ಹೊತ್ತಿಗೆ ಅದರ ಚೇಗಿಗೆ ಪರಿಮಳ ಬಂದಿರುತ್ತದೆ.