ಟೊಂಕದ ಬಲ ಹುಡುಕಿದ ಜೋಸೆಫ್ ಪಿಲಾಟೀಸ್

ಬೆಂಗಳೂರಿನ ಬಡಾವಣೆಗಳಲ್ಲಿ ‘ಪಿಲಾಟೀಸ್’ ಎಂಬ ಫಲಕ ಈಗ ಅಪರೂಪವೇನಲ್ಲ. ಅದು ಯಾವುದೋ ಯಂತ್ರದ ಹೆಸರೆಂದು ತಿಳಿದವರೂ ಉಂಟು. ಅಸಲಿಗೆ ಅದು ಒಬ್ಬ ಜರ್ಮನ್ ವ್ಯಾಯಾಮಪಟುವಿನ ಹೆಸರು. ತಮ್ಮ ವಿದ್ಯೆಗೆ ಅವರು ಇಟ್ಟಿದ್ದ ಹೆಸರೇ ಬೇರೆ: ಕಂಟ್ರಾಲಜಿ. ಆ ಹೆಸರು ಅವರೊಂದಿಗೇ ಮರೆಗೆ ಸರಿಯಿತು.

ಜೋಸೆಫ್ ಪಿಲಾಟೀಸ್ ಜನಿಸಿದ್ದು 1883ರ ಡಿಸೆಂಬರ್ 9ರಂದು, ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಖ್‌ನಲ್ಲಿ. ಉಬ್ಬಸ, ರಿಕೆಟ್ಸ್, ಸಂಧಿವಾತ ಜ್ವರಗಳು ಬಾಲ್ಯವನ್ನು ಹಿಂಡಿದವು. ತಂದೆ ಅಂಗಸಾಧಕ. ಮಗನೂ ಅದೇ ಹಾದಿ ಹಿಡಿದು, ಕೃಶ ಶರೀರವನ್ನು ಹಟದಿಂದ ಹುರಿಗೊಳಿಸಿದ. ಯುವಕನಾಗಿ ಇಂಗ್ಲೆಂಡ್ ಸೇರಿದ.

ಮೊದಲ ಮಹಾಯುದ್ಧ ಆರಂಭವಾಗುತ್ತಿದ್ದಂತೆ ಅಲ್ಲಿದ್ದ ಜರ್ಮನ್ನರು ಶತ್ರು ದೇಶದವರೆನಿಸಿಕೊಂಡರು. ಪಿಲಾಟೀಸ್ ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ಬಂದಿಯಾದರು. ಅವರ ಪದ್ಧತಿ ರೂಪುಗೊಂಡದ್ದು ಅಲ್ಲಿಯೇ. ರೋಗಿಗಳ ಮಂಚಕ್ಕೆ ಸ್ಪ್ರಿಂಗ್ ಬಿಗಿದು, ಮಲಗಿದ್ದವರಿಂದಲೇ ವ್ಯಾಯಾಮ ಮಾಡಿಸಿದರೆಂಬ ಕಥೆ ಪ್ರಚಲಿತವಾಗಿದೆ. ಇಂದಿನ ರಿಫಾರ್ಮರ್ ಯಂತ್ರವನ್ನು, ಅಂದರೆ ಸ್ಪ್ರಿಂಗಿನ ಎಳೆತಕ್ಕೆ ಎದುರಾಗಿ ಜಾರುವ ಹಲಗೆಯನ್ನು ನೋಡಿದರೆ ಕಥೆ ನಂಬುವಂತೆಯೇ ಇದೆ.

1926ರಲ್ಲಿ ಅವರು ಅಮೆರಿಕಕ್ಕೆ ಹಡಗು ಹತ್ತಿದರು. ಬಾಳಸಂಗಾತಿಯಾದ ಕ್ಲಾರಾ ಪರಿಚಯವಾದದ್ದು ಆ ಪಯಣದಲ್ಲೇ. ನ್ಯೂಯಾರ್ಕ್‌ನ ಎಂಟನೇ ಅವೆನ್ಯೂನಲ್ಲಿ ಇಬ್ಬರೂ ವ್ಯಾಯಾಮಶಾಲೆ ತೆರೆದರು. ಗಾಯಗೊಂಡ ನರ್ತಕರು ಒಬ್ಬರ ಹಿಂದೊಬ್ಬರು ಬಂದರು. ನೃತ್ಯ ನಿರ್ದೇಶಕ ಜಾರ್ಜ್ ಬಾಲಂಚಿನ್, ಮಾರ್ಥಾ ಗ್ರಹಾಂ ಅವರೂ ಈ ವಿದ್ಯೆಯನ್ನು ಮೆಚ್ಚಿದರು.

ಮೇಲೆ ಕಾಣುವ ತೋಳು, ಎದೆಗಳನ್ನು ಉಬ್ಬಿಸುವುದೇ ಅಂಗಸಾಧನೆ ಎನಿಸಿದ್ದ ಕಾಲವದು. ಪಿಲಾಟೀಸ್ ಗಮನವಿಟ್ಟದ್ದು ನಡುವಿನ ಮೇಲೆ. ಅಂಗಾತ ಮಲಗಿ, ಕಾಲುಗಳನ್ನೂ ತಲೆಯನ್ನೂ ತುಸು ಎತ್ತಿ, ಹೊಟ್ಟೆಯನ್ನು ಬೆನ್ನೆಲುಬಿನತ್ತ ಸೆಳೆದುಕೊಂಡು, ಉಸಿರಿನ ಲಯಕ್ಕೆ ಕೈಗಳನ್ನು ನೂರು ಬಾರಿ ಮೇಲೆ ಕೆಳಗೆ ಆಡಿಸುವ ‘ಹಂಡ್ರೆಡ್’ ಅವರ ಪ್ರಸಿದ್ಧ ಪಾಠ. ಹೊಟ್ಟೆಯ ಸ್ನಾಯುಗಳಲ್ಲಿ ಎಲ್ಲಕ್ಕಿಂತ ಒಳಪದರವಾದ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ನಡುಪಟ್ಟಿಯಂತೆ ಸೊಂಟವನ್ನು ಬಳಸಿಕೊಂಡಿರುತ್ತದೆ. ಟೊಂಕ ಕಟ್ಟಿ ನಿಲ್ಲುವುದೆಂಬ ಕನ್ನಡದ ಮಾತು ಅದಕ್ಕೆ ಅಕ್ಷರಶಃ ಒಪ್ಪುತ್ತದೆ.

1934ರಲ್ಲಿ ಒಂದು, 1945ರಲ್ಲಿ ಮತ್ತೊಂದು ಪುಸ್ತಕ ಹೊರತಂದರೂ ವೈದ್ಯಲೋಕ ಬಯಸಿದಷ್ಟು ಕಿವಿಗೊಡಲಿಲ್ಲ. ಆ ಕೊರಗು ಕೊನೆಯವರೆಗೂ ಉಳಿಯಿತು. 1967ರ ಅಕ್ಟೋಬರ್‌ನಲ್ಲಿ, 83ನೇ ವಯಸ್ಸಿನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. ಕ್ಲಾರಾ ಮತ್ತು ಶಿಷ್ಯರು ವಿದ್ಯೆಯನ್ನು ಉಳಿಸಿಕೊಂಡರು.

1996ರಲ್ಲಿ ಆಸ್ಟ್ರೇಲಿಯಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಇದೇ ಒಳಸ್ನಾಯುವನ್ನು ಪರೀಕ್ಷಿಸಿದರು. ಆರೋಗ್ಯವಂತರು ಕೈಯೆತ್ತುವ ಮುನ್ನವೇ ಅದು ಬಿಗಿಯುತ್ತಿತ್ತು; ಬೆನ್ನುನೋವಿನವರಲ್ಲಿ ತಡವಾಗುತ್ತಿತ್ತು. ಒಳಸ್ನಾಯುವಿಗೆಂದೇ ಮಾಡುವ ವ್ಯಾಯಾಮ ದೀರ್ಘಕಾಲದಲ್ಲಿ ಇತರ ವ್ಯಾಯಾಮಕ್ಕಿಂತ ಮೇಲೆಂದು ನಂತರದ ಅಧ್ಯಯನಗಳು ಸ್ಪಷ್ಟವಾಗಿ ತೋರಿಸಿಲ್ಲ ಎಂಬುದನ್ನೂ ಹೇಳಬೇಕು. ಅಷ್ಟರಲ್ಲಿ ಪಿಲಾಟೀಸ್ ಹೆಸರಿಗೇ ವ್ಯಾಜ್ಯ ಹೂಡಲಾಗಿತ್ತು. ಯೋಗದಂತೆ ಅದೂ ಒಂದು ವ್ಯಾಯಾಮ ಕ್ರಮದ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲ ಎಂದು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 2000ನೇ ಇಸವಿಯಲ್ಲಿ ತೀರ್ಪಿತ್ತಿತು.