ಕಾರ್ಬೊರೇಟರಿಗೆ ಫ್ಲೋಟ್ ಇಟ್ಟ ವಿಲ್‌ಹೆಲ್ಮ್ ಮೇಬ್ಯಾಕ್



ಹೋದ ದಸರಾ ರಜೆಯಲ್ಲಿ ನಮ್ಮ ಮಾವ ತಮ್ಮ ಗ್ಯಾರೇಜಿನಲ್ಲಿ ಒಂದು ಹಳೇ ಕಾರಿಗೆ ಕಾರ್ಬೊರೇಟರ್ ಕೂರಿಸುತ್ತಿದ್ದರು. ಅದು ಇಂಜೆಕ್ಷನ್ ಕಾರು. ಅದರ ಕಂಪ್ಯೂಟರ್ ಕೆಟ್ಟಿತ್ತು, ಬೇರೆಯದು ಎಲ್ಲೂ ಸಿಕ್ಕಿರಲಿಲ್ಲ. ಕೀ ತಿರುಗಿಸಿದ್ದೇ ತಡ, ಕಾರ್ಬೊರೇಟರಿನ ಬಾಯಿಂದ ಪೆಟ್ರೋಲ್ ಉಕ್ಕಿ ಇಂಜಿನ್ ಮೇಲೆಲ್ಲ ಸುರಿಯಿತು. ಪಕ್ಕದಲ್ಲೇ ವೆಲ್ಡಿಂಗ್ ನಡೀತಿತ್ತು. ಮಾವ ಕೂಗಿ ವೆಲ್ಡಿಂಗ್ ನಿಲ್ಲಿಸಿ, ಕೀ ಆಫ್ ಮಾಡಿದರು. ಎಲ್ಲರೂ ಸೇರಿ ಕಾರನ್ನು ಹೊರಕ್ಕೆ ತಳ್ಳಿದೆವು. ನನ್ನ ಕೈಕಾಲು ಆಮೇಲೂ ನಡುಗುತ್ತಿದ್ದವು.

ಶಾಲೆ ಶುರುವಾದ ಮೇಲೆ ವಿಜ್ಞಾನದ ಮೇಷ್ಟ್ರಿಗೆ ಇದನ್ನು ಹೇಳಿದೆ. ಹಾಗೇಕಾಯಿತು ಎಂದು ತಿಳಿಯಬೇಕಾದರೆ ಮೇಬ್ಯಾಕ್ ಎಂಬುವರ ಬಗ್ಗೆ ಓದು ಅಂದರು. ಓದಿದ್ದನ್ನೇ ಇಲ್ಲಿ ಬರೆದಿದ್ದೇನೆ.

ವಿಲ್‌ಹೆಲ್ಮ್ ಮೇಬ್ಯಾಕ್ ಅವರು 1846ರ ಫೆಬ್ರವರಿ 9ರಂದು ಜರ್ಮನಿಯ ಹೈಲ್‌ಬ್ರಾನ್ ಊರಿನಲ್ಲಿ ಹುಟ್ಟಿದರು. ತಂದೆ ಬಡಗಿ. ಮಗ ಇನ್ನೂ ಚಿಕ್ಕವನಿರುವಾಗಲೇ ತಾಯಿ ತಂದೆ ಇಬ್ಬರೂ ತೀರಿಕೊಂಡರು. ಅನಾಥ ಹುಡುಗನನ್ನು ರಾಯ್ಟ್ಲಿಂಗನ್ ಊರಿನ ಒಂದು ಆಶ್ರಮದವರು ಕರೆದುಕೊಂಡು ಸಾಕಿದರು. ನನಗೂ ಅಪ್ಪ ಇಲ್ಲ, ಮಾವನ ಮನೆಯಲ್ಲಿ ಬೆಳೀತಿದ್ದೇನೆ. ಅದಕ್ಕೇ ಈ ಭಾಗವನ್ನು ಎರಡು ಸಲ ಓದಿದೆ.

ಆಶ್ರಮಕ್ಕೆ ಸೇರಿದ ಕಾರ್ಖಾನೆಯಲ್ಲಿ ಅವರು ಯಂತ್ರಗಳ ನಕ್ಷೆ ಬರೆಯಲು ಕಲಿತರು. ಅಲ್ಲಿಗೆ ಮೇಲ್ವಿಚಾರಕರಾಗಿ ಬಂದ ಗಾಟ್‌ಲೀಬ್ ಡೈಮ್ಲರ್ ಅವರು ಈ ಹುಡುಗನ ಜಾಣ್ಮೆ ಕಂಡು ಮೆಚ್ಚಿದರು. ಮುಂದೆ ಇಬ್ಬರೂ ಡೈಮ್ಲರ್ ಅವರ ಕೊನೆಗಾಲದವರೆಗೂ ಜೊತೆಯಾಗಿ ದುಡಿದರು. 1882ರಲ್ಲಿ ಕಾನ್‌ಸ್ಟಾಟ್ ಊರಿಗೆ ಬಂದು, ಡೈಮ್ಲರ್ ಮನೆಯ ತೋಟದಲ್ಲಿದ್ದ ಪುಟ್ಟ ಕಟ್ಟಡವನ್ನೇ ಕಾರ್ಖಾನೆ ಮಾಡಿಕೊಂಡರು. 1885ರಲ್ಲಿ ಮರದ ಚೌಕಟ್ಟಿನ ಎರಡು ಚಕ್ರದ ಗಾಡಿಗೆ ಪೆಟ್ರೋಲ್ ಇಂಜಿನ್ ಕೂರಿಸಿ ಓಡಿಸಿದರು. ಮರುವರ್ಷ ನಾಲ್ಕು ಚಕ್ರದ ಗಾಡಿಯೂ ಓಡಿತು.

ಆದರೆ ಒಂದು ತೊಂದರೆ ಇತ್ತು. ಪೆಟ್ರೋಲ್ ನೇರವಾಗಿ ಉರಿದರೆ ಸಾಲದು, ಗಾಳಿಯ ಜೊತೆ ಹದವಾಗಿ ಬೆರೆಯಬೇಕು. ಆಗಿನ ಕಾಲದಲ್ಲಿ ಪೆಟ್ರೋಲ್ ತುಂಬಿದ ಪಾತ್ರೆಯೊಳಗೆ ಗಾಳಿ ಹಾಯಿಸಿ ಆವಿ ಹಿಡಿಯುತ್ತಿದ್ದರು. ಬೇಗ ಆರುವ ಅಂಶ ಮೊದಲೇ ಹೋಗಿ, ದಪ್ಪ ಅಂಶ ತಳದಲ್ಲಿ ಉಳಿಯುತ್ತಿತ್ತು. ಹದ ಒಂದೇ ಸಮ ಇರುತ್ತಿರಲಿಲ್ಲ.

1893ರ ಹೊತ್ತಿಗೆ ಮೇಬ್ಯಾಕ್ ಇದಕ್ಕೆ ದಾರಿ ಕಂಡುಕೊಂಡರು. ಇಂಜಿನ್ ಗಾಳಿ ಎಳೆಯುವಾಗ ಸಣ್ಣ ಜೆಟ್‌ನಿಂದ ಪೆಟ್ರೋಲನ್ನೂ ಎಳೆದು ತುಂತುರು ಮಾಡುವ ಹಾಗೆ ಕಾರ್ಬೊರೇಟರ್ ಮಾಡಿದರು. ಜೆಟ್ ಪಕ್ಕದ ಪುಟ್ಟ ಬಟ್ಟಲಿನಲ್ಲಿ ಒಂದು ಫ್ಲೋಟ್ ತೇಲಿಬಿಟ್ಟರು. ಪೆಟ್ರೋಲ್ ಏರಿದರೆ ಫ್ಲೋಟೂ ಏರಿ, ಸೂಜಿಯಂಥ ವಾಲ್ವ್ ದಾರಿ ಮುಚ್ಚುತ್ತದೆ. ಇಳಿದರೆ ತೆರೆಯುತ್ತದೆ. ಮೇಲಿನ ನೀರಿನ ಟ್ಯಾಂಕ್ ತುಂಬಿದಾಗ ಬುರುಡೆ ಮೇಲೆದ್ದು ನೀರು ನಿಲ್ಲುತ್ತದಲ್ಲ, ಅದೇ ಉಪಾಯ. ಅದೇ ವರ್ಷ ಹಂಗೇರಿಯಲ್ಲೂ ಬಾಂಕಿ ಮತ್ತು ಚೊಂಕಾ ಎಂಬಿಬ್ಬರು ಇಂಥದೊಂದು ಕಾರ್ಬೊರೇಟರ್ ಮಾಡಿದ್ದರು.

1900ರಲ್ಲಿ ಡೈಮ್ಲರ್ ತೀರಿಕೊಂಡರು. ಆಮೇಲೆ ಮೇಬ್ಯಾಕ್ ರಚಿಸಿದ 35 ಅಶ್ವಶಕ್ತಿಯ ಕಾರು 1901ರಲ್ಲಿ ಫ್ರಾನ್ಸಿನ ನೀಸ್ ಪಂದ್ಯಗಳಲ್ಲಿ ಗೆದ್ದು ಲೋಕಕ್ಕೆಲ್ಲ ಹೆಸರಾಯಿತು. ಅದಕ್ಕೆ ಇಟ್ಟದ್ದು ಮರ್ಸಿಡಿಸ್ ಎಂಬ ಹೆಸರು. ಕಾರು ಕೊಂಡ ವ್ಯಾಪಾರಿಯ ಮಗಳ ಹೆಸರದು! ಮೇಬ್ಯಾಕ್ 1907ರಲ್ಲಿ ಆ ಕಂಪನಿ ಬಿಟ್ಟರು. 1909ರಿಂದ ಮಗ ಕಾರ್ಲ್ ಜೊತೆ ಸೇರಿ ಜೆಪ್ಪೆಲಿನ್ ವಾಯುನೌಕೆಗಳ ಇಂಜಿನ್ ಕೆಲಸ ನಡೆಸಿದರು. 1929ರ ಡಿಸೆಂಬರ್ 29ರಂದು ನಿಧನರಾದರು.

ಈಗ ನಮ್ಮ ಮಾವನ ಕಾರಿಗೆ ಬರೋಣ. ಕಾರಿನ ಚಕ್ರಕ್ಕೆ 30 ಗಾಳಿ ಹಾಕಿ ಅಂತೀವಲ್ಲ, ಅದೇ ಅಳತೆಯಲ್ಲಿ ಇಂಜೆಕ್ಷನ್ ಕಾರಿನ ಪಂಪು ಸುಮಾರು 40ರ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತದೆ. ಕಾರ್ಬೊರೇಟರಿಗೆ ಬೇಕಾದದ್ದು ಬರೀ 3ರಿಂದ 6. ಮಾವ ಹಳೇ ಪಂಪನ್ನೇ ಬಿಟ್ಟಿದ್ದರು. ಪಾಪ, ಆ ಪುಟ್ಟ ಫ್ಲೋಟ್ ಎಷ್ಟು ಅಂತ ತಡೆದೀತು? ಸೂಜಿ ಹಿಂದಕ್ಕೆ ಸರಿದು ಪೆಟ್ರೋಲ್ ಉಕ್ಕಿತು.

ಪೈಪನ್ನು ಕ್ಲಿಪ್ಪು ಹಾಕಿ ಬಿಗಿದರೆ ಆಗುವುದಿಲ್ಲವೇ ಅಂತ ನಾನು ಕೇಳಿದ್ದೆ. ಆಗೋದಿಲ್ಲ. ಇಂಜಿನ್ ಕಡಿಮೆ ಕುಡಿಯುವಾಗ ಒತ್ತಡ ಮತ್ತೆ ಏರುತ್ತದೆ, ಪಂಪೂ ಬಿಸಿಯಾಗುತ್ತದೆ. ಹೆಚ್ಚಾದ ಪೆಟ್ರೋಲ್ ಹೋಗಲು ದಾರಿ ಬೇಕು. ಮಾವ ಆಮೇಲೆ ಕಾರ್ಬೊರೇಟರಿಗೆಂದೇ ಇರುವ ರೆಗ್ಯುಲೇಟರ್ ತಂದು ಹಾಕಿದರು. ಮಿಕ್ಕ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುವ ಪೈಪನ್ನು ಅದಕ್ಕೆ ಜೋಡಿಸಿದರು. ಗೇಜು ಕೂರಿಸಿ, ಮುಳ್ಳು 4ಕ್ಕೆ ನಿಲ್ಲುವಂತೆ ತಿರುಪು ತಿರುಗಿಸಿದರು. ಹಳೇ ಪಂಪು ತೆಗೆದು ಕಡಿಮೆ ಒತ್ತಡದ ಪಂಪು ಹಾಕುವುದೂ ಒಂದು ದಾರಿಯಂತೆ. ಈ ಸಲ ಕೀ ತಿರುಗಿಸುವ ಮೊದಲು ವೆಲ್ಡಿಂಗ್ ನಿಲ್ಲಿಸಿದ್ದರು, ಮರಳಿನ ಬಕೆಟ್ ಹತ್ತಿರವೇ ಇತ್ತು. ಒಂದು ಹನಿಯೂ ಹೊರಗೆ ಬೀಳಲಿಲ್ಲ.

ಈಗಿನ ಹೊಸ ಕಾರುಗಳಲ್ಲಿ ಕಾರ್ಬೊರೇಟರ್ ಇಲ್ಲ. ಆದರೂ ಹಳೇ ಸ್ಕೂಟರು, ಮೋಟಾರ್ ಸೈಕಲ್ಲುಗಳಲ್ಲಿ ಆ ಫ್ಲೋಟ್ ಇನ್ನೂ ತೇಲುತ್ತಿದೆ. ಗೆಳೆಯರೇ, ನಿಮ್ಮ ಮನೆಯ ಹಳೇ ಗಾಡಿ ಸ್ಟಾರ್ಟ್ ಆದಾಗ, ಆಶ್ರಮದಲ್ಲಿ ಬೆಳೆದ ಆ ಹುಡುಗನನ್ನು ಒಮ್ಮೆ ನೆನೆಯಿರಿ.