ಅಳಿವೆಯ ಕಾವಲುಗಾರ ಸರ್ ಪೀಟರ್ ಸ್ಕಾಟ್

ಸಾವಿನ ಅಂಚಿನಲ್ಲಿರುವ ತಂದೆಯೊಬ್ಬನು ತನ್ನ ಎಳೆಯ ಮಗನಿಗೆ ಏನನ್ನು ಬಿಟ್ಟು ಹೋಗಬಹುದು? ಮನೆ, ಹೊಲ, ಹಣ ಇದ್ದವರು ಅವನ್ನು ಬಿಟ್ಟು ಹೋಗುತ್ತಾರೆ. 1912ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ, ಹಿಮಗಾಳಿಗೆ ಸಿಕ್ಕಿ ಗುಡಾರದೊಳಗೆ ಕೊನೆಯುಸಿರೆಳೆಯುತ್ತಿದ್ದ ಕ್ಯಾಪ್ಟನ್ ರಾಬರ್ಟ್ ಸ್ಕಾಟರು ಪತ್ನಿಗೆ ಒಂದು ಪತ್ರ ಬರೆದಿಟ್ಟರು. ಸಾಧ್ಯವಾದರೆ ಮಗನಲ್ಲಿ ಪ್ರಕೃತಿಯ ಕುರಿತು ಆಸಕ್ತಿ ಹುಟ್ಟಿಸಬೇಕೆಂಬುದು ಅದರಲ್ಲಿದ್ದ ಒಂದು ಕೋರಿಕೆ. ಆ ಪತ್ರ ಹಿಮದಡಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದು, ಅನಂತರ ಶೋಧಕರ ಕೈಸೇರಿತು. ಆಗ ಮಗನಿಗೆ ಮೂರು ವರ್ಷ. ಆ ಮಗುವೇ ಮುಂದೆ ಜಗತ್ತಿನ ಹಕ್ಕಿಗಳಿಗೆ ಬಂಧುವಾದ ಪೀಟರ್ ಸ್ಕಾಟ್.

ಪೀಟರ್ ಸ್ಕಾಟರು 1909ರ ಸೆಪ್ಟೆಂಬರ್ 14ರಂದು ಲಂಡನ್ನಿನಲ್ಲಿ ಜನಿಸಿದರು. ತಾಯಿ ಕ್ಯಾಥ್ಲೀನ್ ಹೆಸರಾಂತ ಶಿಲ್ಪಿ. ಗಂಡನ ಕೊನೆಯ ಮಾತನ್ನು ಆಕೆ ಮರೆಯಲಿಲ್ಲ. ಬಾಲಕನಿಗೆ ಹುಳು, ಹಲ್ಲಿ, ಹಕ್ಕಿಗಳೇ ಗೆಳೆಯರಾದುವು. ತಂದೆಯಿಂದ ಸಾಹಸದ ಗುಣ, ತಾಯಿಯಿಂದ ಚಿತ್ರಕಲೆ, ಎರಡೂ ಆತನಿಗೆ ಒಲಿದು ಬಂದುವು.

ಆದರೆ ಹಕ್ಕಿಗಳ ಮೇಲಿನ ಈ ಪ್ರೀತಿ ಮೊದಲು ಹಿಡಿದ ದಾರಿ ನಮಗೆ ಸೋಜಿಗವೆನಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪೀಟರ್ ಹೆಬ್ಬಾತುಗಳ ಬೇಟೆಗಾರನಾದರು! ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ವಾಷ್ ಎಂಬ ಅಗಲವಾದ ಕೊಲ್ಲಿಯಿದೆ. ಹಲವು ನದಿಗಳು ಅಲ್ಲಿ ಸಮುದ್ರ ಸೇರುತ್ತವೆ. ಇಳಿತದ ವೇಳೆ ಮೈಲುಗಟ್ಟಲೆ ಕೆಸರು ಬಯಲು ತೆರೆದುಕೊಳ್ಳುತ್ತದೆ. ಕೆಸರಿನಲ್ಲಿ ಹುಳು, ಬಸವನಹುಳು, ಚಿಪ್ಪುಜೀವಿಗಳು ಯಥೇಚ್ಛ. ಉತ್ತರದ ನಾಡುಗಳೆಲ್ಲ ಹಿಮದಡಿ ಹೂತುಹೋಗುವ ಚಳಿಗಾಲದಲ್ಲಿ ಸಾವಿರ ಸಾವಿರ ಹಕ್ಕಿಗಳು ಇಲ್ಲಿಗೆ ಹಾರಿ ಬರುತ್ತವೆ. ಹೆಬ್ಬಾತುಗಳ ದಿನಚರಿ ಗಡಿಯಾರದಂತೆ. ರಾತ್ರಿ ನರಿಯ ಕಾಟವಿಲ್ಲದ ಕೆಸರು ಬಯಲಿನಲ್ಲಿ ತಂಗುತ್ತವೆ. ಬೆಳಕು ಹರಿಯುತ್ತಲೇ ಕೂಗುತ್ತ ಸಾಲುಕಟ್ಟಿ ಹಾರಿ ಒಳನಾಡಿನ ಹೊಲಗಳಿಗೆ ಹೋಗುತ್ತವೆ. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ಆಲೂಗೆಡ್ಡೆ, ಕಾಳು, ಎಳೆ ಹುಲ್ಲು ತಿಂದು ಸಂಜೆಗೆ ಹಿಂದಿರುಗುತ್ತವೆ. ಅಳಿವೆ ಅವುಗಳಿಗೆ ಮಲಗುವ ಮನೆ, ಹೊಲ ಊಟದ ಮನೆ. ಇವೆರಡರ ನಡುವಿನ ದಾರಿಯಲ್ಲಿ, ಕೊರೆಯುವ ಚಳಿಯಲ್ಲಿ ಬಂದೂಕು ಹಿಡಿದು ಕಾಯುವುದೇ ಬೇಟೆಗಾರರ ಪದ್ಧತಿ.

ಹೀಗೊಮ್ಮೆ ಬೇಟೆಯಾಡುತ್ತಿದ್ದಾಗ ಗುಂಡೇಟು ತಿಂದ ಹೆಬ್ಬಾತು, ಮನುಷ್ಯರು ಕಾಲಿಡಲಾಗದ ಹೂಳಿನ ನಡುವೆ ಬಿದ್ದಿತು. ಅದನ್ನು ಎತ್ತಿ ತರುವಂತಿಲ್ಲ, ನೋವು ನೀಗಿಸುವಂತೆಯೂ ಇಲ್ಲ. ಮರುದಿನ ನೋಡಿದರೆ ಅದು ಅಲ್ಲಿಯೇ ಇನ್ನೂ ಜೀವ ಹಿಡಿದುಕೊಂಡಿತ್ತು. ತನಗೆ ಯಾವ ಕೇಡೂ ಮಾಡದ ಜೀವಿಗೆ ಈ ಗತಿ ತರಲು ತನಗೇನು ಅಧಿಕಾರ ಎಂಬ ಪ್ರಶ್ನೆ ಸ್ಕಾಟರ ಎದೆಯಲ್ಲಿ ಮುಳ್ಳಾಗಿ ನಾಟಿತು. ಅವರು ಆ ದಿನವೇ ಬಂದೂಕು ಬಿಡಲಿಲ್ಲ. ರೂಢಿಯಾದ ಹವ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದರೆ ಆ ಮುಳ್ಳು ಒಳಗೇ ಕೆಲಸ ಮಾಡುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಅವರು ಬೇಟೆಯನ್ನು ಪೂರ್ಣವಾಗಿ ತ್ಯಜಿಸಿದರು.

1933ರಿಂದ ಅವರು ನೀನ್ ನದಿಯ ಅಳಿವೆಯ ಬಳಿ, ಸಟ್ಟನ್ ಬ್ರಿಜ್ ಎಂಬಲ್ಲಿ, ಒಂದು ಹಳೆಯ ದೀಪಸ್ತಂಭದಲ್ಲಿ ವಾಸಿಸಿದರು. ಅದರ ಸುತ್ತ ಹೆಬ್ಬಾತುಗಳನ್ನು ಸಾಕಿದರು, ಹಾರುವ ಹಕ್ಕಿಗಳ ಚಿತ್ರಗಳನ್ನು ಬರೆದರು. 1936ರ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿದೋಣಿ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಶೌರ್ಯಪದಕ ಪಡೆದರು.

ಯುದ್ಧ ಮುಗಿದ ವರ್ಷ, 1945ರ ಡಿಸೆಂಬರಿನಲ್ಲಿ, ಸ್ಕಾಟರು ಪಶ್ಚಿಮ ಇಂಗ್ಲೆಂಡಿನ ಸೆವರ್ನ್ ನದಿಯ ಅಳಿವೆಗೆ ಬಂದರು. ಭರತ ಇಳಿತಗಳ ಅಂತರ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ತಾಣಗಳಲ್ಲಿ ಅದೂ ಒಂದು. ದಂಡೆಯ ಹುಲ್ಲುಗಾವಲಿನಲ್ಲಿ ಬಿಳಿನೊಸಲಿನ ಹೆಬ್ಬಾತುಗಳು ಹಿಂಡುಗಟ್ಟಿ ಮೇಯುತ್ತಿದ್ದುವು. ಯುದ್ಧಕ್ಕೆಂದು ಕಟ್ಟಿದ್ದ ಕಾಂಕ್ರೀಟ್ ಕಾವಲುಗೂಡಿನೊಳಗೆ ಕುಳಿತು ಅವುಗಳನ್ನು ದುರ್ಬೀನಿನಿಂದ ನೋಡುತ್ತಿದ್ದಾಗ, ಆ ನಾಡಿನಲ್ಲಿ ಬಲು ಅಪರೂಪವಾದ ಕಿರು ಬಿಳಿನೊಸಲಿನ ಹೆಬ್ಬಾತು ಹಿಂಡಿನ ನಡುವೆ ಕಾಣಿಸಿತು. ಹಕ್ಕಿಗಳ ಅಭ್ಯಾಸಕ್ಕೆ ಇದೇ ತಕ್ಕ ನೆಲೆಯೆಂದು ಅವರು ಅಲ್ಲಿಯೇ ನಿಶ್ಚಯಿಸಿದರು. 1946ರ ನವೆಂಬರಿನಲ್ಲಿ ಸ್ಲಿಂಬ್ರಿಜ್ ಗ್ರಾಮದ ಬಳಿ ನೀರಹಕ್ಕಿಗಳ ಸಂಸ್ಥೆಯೊಂದು ಹುಟ್ಟಿತು. ಅಲ್ಲಿಗೆ ವಿಜ್ಞಾನಿಗಳಿಗಷ್ಟೇ ಅಲ್ಲ, ಶಾಲಾಮಕ್ಕಳಿಗೂ ಸಾಮಾನ್ಯ ಜನರಿಗೂ ಪ್ರವೇಶವಿತ್ತು. ಹತ್ತಿರದಿಂದ ನೋಡಿದ್ದನ್ನು ಜನ ಪ್ರೀತಿಸುತ್ತಾರೆ, ಪ್ರೀತಿಸಿದ್ದನ್ನು ಕಾಪಾಡುತ್ತಾರೆ ಎಂಬುದು ಸ್ಕಾಟರ ನಂಬಿಕೆಯಾಗಿತ್ತು.

ಹವಾಯಿ ದ್ವೀಪಗಳ ನೇನೇ ಎಂಬ ಹೆಬ್ಬಾತು ಆಗ ಅಳಿವಿನ ಅಂಚಿನಲ್ಲಿತ್ತು. ಉಳಿದಿದ್ದವು ಸುಮಾರು 30 ಮಾತ್ರ. 1950ರಲ್ಲಿ ಒಂದು ಜೋಡಿ ಸ್ಲಿಂಬ್ರಿಜ್‌ಗೆ ಬಂತು. ಆದರೆ ಎರಡೂ ಮೊಟ್ಟೆಯಿಟ್ಟಾಗ ಎರಡೂ ಹೆಣ್ಣೆಂದು ತಿಳಿಯಿತು! ಗಂಡು ಹಕ್ಕಿಯನ್ನು ತರಿಸಿಕೊಂಡ ಮೇಲೆ 1952ರಲ್ಲಿ ಮರಿಗಳಾದುವು. ಹತ್ತು ವರ್ಷಗಳಲ್ಲಿ ಸಂತತಿ ಬೆಳೆದು, 1962ರಲ್ಲಿ ಹಲವು ಹಕ್ಕಿಗಳನ್ನು ಮರಳಿ ತವರಿಗೆ ಕಳುಹಿಸಲಾಯಿತು.

1964ರ ಚಳಿಗಾಲದಲ್ಲಿ ಸ್ಕಾಟರ ಮನೆಯ ಕಿಟಕಿಯೆದುರಿನ ಕೊಳಕ್ಕೆ ಬ್ಯೂಯಿಕ್ ಹಂಸಗಳು ಇಳಿದುವು. ಇವು ರಷ್ಯದ ಉತ್ತರ ತುದಿಯ ಹಿಮಬಯಲಿನಲ್ಲಿ ಮರಿಮಾಡಿ, ಚಳಿಗಾಲಕ್ಕೆ ಸಾವಿರಾರು ಕಿಲೋಮೀಟರ್ ಹಾರಿ ಬರುವ ಅತಿಥಿಗಳು. ಚಿತ್ರಕಾರನ ಕಣ್ಣು ಒಂದು ಗುಟ್ಟನ್ನು ಕಂಡುಹಿಡಿಯಿತು: ಕೊಕ್ಕಿನ ಮೇಲಿನ ಹಳದಿ ಕಪ್ಪು ಗುರುತು ಒಂದು ಹಂಸಕ್ಕಿದ್ದಂತೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆರಳ ಗುರುತಿನಂತೆ. ಅವರು ಪ್ರತಿಯೊಂದರ ಮುಖವನ್ನೂ ಬರೆದು ಹೆಸರಿಟ್ಟರು. ಮರುವರ್ಷ ಯಾರು ಬಂದರು, ಯಾರು ಬರಲಿಲ್ಲ, ಯಾರೊಡನೆ ಮರಿಗಳಿವೆ ಎಂದು ದಾಖಲೆ ಮಾಡಿದರು. ಹಿಡಿಯದೆ, ನೋಯಿಸದೆ, ಕೇವಲ ನೋಡಿ ಬರೆದುಕೊಂಡು ನಡೆಸಿದ ಈ ಅಧ್ಯಯನ ಅವರ ಅನಂತರವೂ ಮುಂದುವರಿಯಿತು. ವಾಯವ್ಯ ಯೂರೋಪಿಗೆ ಬರುವ ಈ ಹಂಸಗಳು 1995ರಲ್ಲಿ ಸುಮಾರು 29,000 ಇದ್ದುದು 2010ರಲ್ಲಿ ಸುಮಾರು 18,000ಕ್ಕೆ ಇಳಿದಾಗ, ಇಂಥ ದಾಖಲೆಗಳ ಬೆಲೆ ಎಲ್ಲರಿಗೂ ತಿಳಿಯಿತು.

1961ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಸ್ಥಾಪಕರಲ್ಲಿ ಸ್ಕಾಟರೂ ಒಬ್ಬರಾದರು. ಅದರ ಪಾಂಡಾ ಲಾಂಛನವನ್ನು ರೂಪಿಸಿದವರು ಅವರೇ. ಅಪಾಯದಲ್ಲಿರುವ ಜೀವಿಗಳ ಕೆಂಪು ಪುಸ್ತಕಗಳ ಹಿಂದೆಯೂ ಅವರ ಶ್ರಮವಿದೆ. 1971ರಲ್ಲಿ ಇರಾನಿನ ರಾಮ್ಸಾರ್ ನಗರದಲ್ಲಿ ಆದ ಜೌಗುನೆಲಗಳ ಒಪ್ಪಂದಕ್ಕಾಗಿ ಸ್ಲಿಂಬ್ರಿಜ್‌ನ ವಿಜ್ಞಾನಿಗಳೂ ದುಡಿದರು. 1973ರಲ್ಲಿ ಅವರಿಗೆ ಸರ್ ಪದವಿ ಬಂತು. 1989ರ ಆಗಸ್ಟ್ 29ರಂದು, 80 ತುಂಬಲು ಎರಡು ವಾರವಿರುವಾಗ, ಅವರು ತೀರಿಕೊಂಡರು.

ವಿದ್ಯಾರ್ಥಿಗಳೇ, ಈ ಕಥೆ ನಮಗೆ ದೂರದ್ದಲ್ಲ. ಅದೇ ರಾಮ್ಸಾರ್ ಪಟ್ಟಿಗೆ 2002ರಲ್ಲಿ ಕೇರಳದ ಅಷ್ಟಮುಡಿ, 2024ರಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿವೆ. ನಮ್ಮ ಚಂದ್ರಗಿರಿ ಹೊಳೆಯೂ ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಕೊಯ್ಲಾದ ಗದ್ದೆಗಳು ನಮ್ಮಲ್ಲಿಯೂ ಇವೆ. ನಮ್ಮ ಕರಾವಳಿಗೂ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬರುತ್ತವೆ. ಅವು ಬರುತ್ತಿರಬೇಕಾದರೆ ಅಳಿವೆಯೂ ಉಳಿಯಬೇಕು, ಗದ್ದೆಯೂ ಉಳಿಯಬೇಕು. ಒಂದನ್ನು ಮಣ್ಣು ಹಾಕಿ ತುಂಬಿದರೆ ಇನ್ನೊಂದು ಇದ್ದೂ ಪ್ರಯೋಜನವಿಲ್ಲ. ಈ ಧನುರ್ಮಾಸದಲ್ಲಿ ಬೆಳಿಗ್ಗೆ ಬೇಗನೆ ಎದ್ದು, ಹಿರಿಯರೊಡನೆ ಹೊಳೆಯ ದಡಕ್ಕೋ ಗದ್ದೆಯ ಬದುವಿಗೋ ಹೋಗಿರಿ. ಕವಣೆ ಬೇಡ, ಕಲ್ಲು ಬೇಡ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಕಂಡ ಹಕ್ಕಿ ಯಾವುದು, ಎಷ್ಟು, ಏನು ಮಾಡುತ್ತಿತ್ತು ಎಂದು ತಾರೀಕು ಹಾಕಿ ಬರೆಯಿರಿ. ತಂದೆತಾಯಂದಿರು ಮಕ್ಕಳಿಗೆ ಕೊಡಬಹುದಾದ ಆಸ್ತಿಗಳಲ್ಲಿ ಈ ಆಸಕ್ತಿಯೂ ಒಂದೆಂಬುದಕ್ಕೆ ಪೀಟರ್ ಸ್ಕಾಟರ ಬಾಳೇ ಸಾಕ್ಷಿ.